ಎರಡು ಸೀಟಿನ ಕಾರು, ಭಾವನವರ ಕೈಗುಣ

ನಮ್ಮ ಯಜಮಾನರು ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದ ದಿನ ನಾನು ಕೇಳಿದ ಮೊದಲ ಪ್ರಶ್ನೆ, "ಹಿಂದಿನ ಸೀಟು ಎಲ್ಲೈತ್ರಿ?" ಎಂದು. ಹಿಂದಿನ ಸೀಟು ಇರಲಿಲ್ಲ. ಅದಕ್ಕೆ ಇದ್ದದ್ದು ಎರಡು ಸೀಟು, ಎರಡು ಬಾಗಿಲು ಮತ್ತು ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವಂಥ ಸದ್ದು. ಹುಬ್ಬಳ್ಳಿ ಕಡೆಯ ಯಾರೋ ಶೋಕಿಲಾಲ ಓಡಿಸುವಷ್ಟು ಓಡಿಸಿ, ಆಮೇಲೆ ಹಿತ್ತಲಲ್ಲಿ ಬಿಸಿಲಿಗೆ ಬಿಟ್ಟಿದ್ದ ಕೆಂಪು ಕಾರು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಲ್ಲಿ ಕೂರುವುದಲ್ಲ, ಮಲಗುವುದು. ದಾವಣಗೆರೆಯ ಒಂದೊಂದು ರೋಡ್ ಹಂಪಿಗೂ ಹೊಟ್ಟೆ ಉಜ್ಜಿಕೊಂಡು ನರಳುತ್ತದೆ. ಇವರೋ ಐವತ್ತು ದಾಟಿ ಎಷ್ಟೋ ಕಾಲವಾದ ಮನುಷ್ಯ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳದೆ ಪೂಜೆಗೆ ಕೂಡ್ರಲಾರದವರು. ಬಾಗಿಲ ಅಂಚು ಹಿಡಿದು, ಮೊದಲು ಒಂದು ಕಾಲು ಹೊರಗಿಟ್ಟು, "ಶಿವಾ" ಎನ್ನುತ್ತಾ ಅದರಿಂದ ಮೇಲೇಳುವುದನ್ನು ನೋಡಿ ಎದುರು ಮನೆಯ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇಬ್ಬರು ಕೂಡ್ರಬಹುದಲ್ಲ, ಸಾಕು," ಎಂದರು.

ಆ ಇಬ್ಬರಲ್ಲಿ ನಾನೊಬ್ಬಳು ಎಂದು ಒಂದು ಗಳಿಗೆ ಅಂದುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಅಷ್ಟು ಪೆದ್ದುತನ ನನ್ನಲ್ಲಿ ಉಳಿದಿತ್ತು. "ಒಳಗಿಂದೆಲ್ಲ ಹೊಸದು ಮಾಡಿ, ಮೊದಲ ಸಲ ಅಣ್ಣನ್ನ ಕೂಡ್ರಿಸ್ಕಂಡು ನಂದಿಗುಡಿ ಮಠಕ್ಕೆ ಹೋಗಿ ಬರ್ತೀನಿ," ಎಂದರು ಅದೇ ಉಸಿರಿನಲ್ಲಿ. ನನಗೆ ಆ ಕಾರು ಬೇಕಿರಲಿಲ್ಲ ನಿಜ. ಆದರೆ ಬೇಕಾ ಎಂದು ಒಂದು ಮಾತು ಕೇಳಲಿಲ್ಲವಲ್ಲ ಎಂದು ಉರಿಯಿತು.

ಅಣ್ಣ ಎಂದರೆ ನನ್ನ ಭಾವನವರು. ಪೇಟೆಯಲ್ಲಿ ನಮ್ಮದು ತಾತನ ಕಾಲದ ಬಟ್ಟೆ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಭಾವನವರು ಕೂಡ್ರುತ್ತಾರೆ, ಇವರು ಥಾನು ಬಿಚ್ಚಿ, ಅಳೆದು, ಕತ್ತರಿಸಿ ಕೊಡುತ್ತಾರೆ. ನಾನು ಮದುವೆಯಾಗಿ ಹರಿಹರದಿಂದ ಈ ಮನೆಗೆ ಬಂದಾಗಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಗಿರಾಕಿಗಳು ತುಂಬಿರುವಾಗ ಕತ್ತರಿ ಒಂದು ಎಳೆ ಅತ್ತಿತ್ತ ಹೋದರೆ ಸಾಕು, ಭಾವನವರು ಕನ್ನಡಕದ ಮೇಲಿಂದ ನೋಡಿ, "ಇವನ ಕೈಗೆ ಕೊಟ್ಟಿದ್ದು ಯಾವತ್ತರ ನೆಟ್ಟಗಾಗೈತಾ?" ಎನ್ನುತ್ತಾರೆ. ಗಿರಾಕಿಗಳು ನಗುತ್ತಾರೆ. ಇವರೂ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುವುದು ಭಾವನವರ ಮಾತಿಗಲ್ಲ, ಇವರು ಬಿಡುವ ಆ ಹಲ್ಲಿಗೆ.

ಅಷ್ಟಾಗಿಯೂ ಅಣ್ಣನ ಕೈಗುಣ ದೊಡ್ಡದು ಎಂಬುದು ಇವರ ನಂಬಿಕೆ. ನಮ್ಮ ಮನೆಯಲ್ಲಿ ಏನೇ ಹೊಸದು ಬರಲಿ, ಮೊದಲು ಅದನ್ನು ಭಾವನವರ ಕೈ ಮುಟ್ಟಬೇಕು. ಮನೆಯ ಪಾಯಕ್ಕೆ ಮೊದಲ ಗುದ್ದಲಿ ಅವರದು, ಬೋರ್‌ವೆಲ್ಲಿನ ಸ್ವಿಚ್ಚು ಅವರು ಒತ್ತಿದ್ದು, ಮಗಳ ಸ್ಲೇಟಿನ ಮೇಲೆ ಮೊದಲ ಅಕ್ಷರ ಅವರು ಬರೆಸಿದ್ದು. ನನ್ನ ಮಿಕ್ಸಿಯನ್ನು ಕೂಡ ಕರೆದು ಒತ್ತಿಸಿದ್ದರು. ಅದು ವರ್ಷ ತುಂಬುವುದರೊಳಗೆ ಹೊಗೆಯಾಡಿ ಸತ್ತಿತು. ಕೈಗುಣದ ಲೆಕ್ಕಕ್ಕೆ ಮಿಕ್ಸಿ ಬರುವುದಿಲ್ಲವಂತೆ.

ಕಾರಿನ ಒಳಗನ್ನು ಇವರೇ ಸ್ವಂತ ಕೈಯಿಂದ ಕೂಡಿಸಬೇಕೆಂದು ಹೊರಟಿದ್ದು ಯಾಕೆ ಎಂದು ನನಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. "ಮೆಕ್ಯಾನಿಕ್ಕಿಗೆ ಕೊಡ್ರಿ" ಎಂದರೆ, "ಮೆಕ್ಯಾನಿಕ್ ಮಾಡಿದ್ರೆ ಅಣ್ಣ ಮೆಕ್ಯಾನಿಕ್ಕಿಗೇ ಭೇಷ್ ಅಂತಾನೆ" ಎಂದರು. ಅಷ್ಟೇ ವಿಷಯ. ಆ ಕಾರು, ಆಮೇಲೆ ಬಂದ ಪಾರ್ಸೆಲ್ಲುಗಳು, ರಜೆಯ ದಿನಗಳೆಲ್ಲ ನೆಲದ ಮೇಲೆ ಬಿದ್ದು ಹೊರಳಾಡಿದ್ದು, ಎಲ್ಲ ಭಾವನವರ ಬಾಯಿಂದ ಒಂದೇ ಒಂದು "ಭೇಷ್" ಬರಲಿ ಎಂದು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಗಂಡಸು ಅಣ್ಣನಿಂದ ಬೆನ್ನು ತಟ್ಟಿಸಿಕೊಳ್ಳಲು ಕಾರಿನ ಹೊಟ್ಟೆ ಬಗೆಯುವುದನ್ನು ನೋಡಿದರೆ ಯಾವ ಹೆಂಡತಿಗೆ ಹೆಮ್ಮೆಯಾಗುತ್ತದೆ? ನನಗಂತೂ ನಾಚಿಕೆಯಾಯಿತು.

ಹಳೆಯ ಡ್ಯಾಶ್‌ಬೋರ್ಡು ಬಿಸಿಲಿಗೆ ಸೀಳಿ, ನೀರು ಬತ್ತಿದ ಕೆರೆಯಂಗಳದ ಹಾಗಿತ್ತು. ಎ.ಸಿ. ಗಾಳಿ ಬರುವ ದುಂಡನೆಯ ಬಾಯಿಗಳಿವೆಯಲ್ಲ, ವೆಂಟು, ಅವುಗಳ ಒಳಗಿನ ರೆಕ್ಕೆಗಳು ಮುರಿದು ಜೋತುಬಿದ್ದಿದ್ದವು. ಹೊಸ ವೆಂಟುಗಳು, ಡ್ಯಾಶ್‌ಬೋರ್ಡಿನ ಮುಖಕ್ಕೆ ಹಾಕುವ ಹೊಳೆಯುವ ಕಪ್ಪು ಪಟ್ಟಿಗಳು, ಎಲ್ಲವನ್ನೂ ಫೋನಿನಲ್ಲೇ ಹುಡುಕಿ ಪರದೇಶದಿಂದ ತರಿಸಿದರು. ಮೊದಲು ಬಂದ ಸೆಟ್ಟು ಎಡಗಡೆ ಸ್ಟೇರಿಂಗ್ ಇರುವ ದೇಶದ್ದು. ವೇಗ ತೋರಿಸುವ ಗಡಿಯಾರ ಇರಬೇಕಾದ ಕಡೆ ಸಾಮಾನಿಡುವ ಪೆಟ್ಟಿಗೆಯ ತೂತು, ಪೆಟ್ಟಿಗೆ ಇರಬೇಕಾದ ಕಡೆ ಗಡಿಯಾರದ ತೂತು. ಪಟ್ಟಿಯನ್ನು ತಿರುಗಿಸಿ ಹಿಂಬದಿಯಿಂದ ಕೂಡಿಸಿದರೆ ಸರಿಯಾಗುತ್ತದೆ ಎಂದು ಸಲಹೆ ಕೊಟ್ಟವರು ಪಕ್ಕದ ಮನೆಯ ಮೇಷ್ಟ್ರು. ಅವರು ನಿವೃತ್ತಿಯಾಗುವವರೆಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದರು ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಎರಡನೆಯ ಸೆಟ್ಟು ಸರಿಯಾಗಿ ಬಂತು. ಇವರು ವಿಡಿಯೋ ನೋಡುತ್ತಾ ಕೆಲಸ ಶುರುಮಾಡಿದರು. ಬ್ಯಾಟರಿಯ ತಂತಿ ಬಿಚ್ಚಿದರು. ಹಳೆಯ ಪಟ್ಟಿಗಳನ್ನು ಗೀಚು ಬೀಳದ ಹಾಗೆ ಮೀಟಿ ತೆಗೆಯಬೇಕು, ಅದಕ್ಕೆ ಪ್ಲಾಸ್ಟಿಕ್ಕಿನ ಸಾಧನ ಬೇಕು ಎಂದು ವಿಡಿಯೋದವನು ಹೇಳಿದ. ಇವರು ನನ್ನ ಅಡುಗೆಮನೆಗೆ ಬಂದು ದೋಸೆ ಮಗುಚುವ ಸಟ್ಟುಗ ಎತ್ತಿಕೊಂಡು ಹೋಗಿ ಅದಕ್ಕೆ ಹಳೇ ಪಂಚೆಯ ಚೂರು ಸುತ್ತಿದರು. ಆ ವಾರ ನಾನು ದೋಸೆಯನ್ನು ಊಟದ ಚಮಚದಿಂದ ಮಗುಚಿದೆ. ಪಟ್ಟಿಯ ಹಿಂದಿನ ಕ್ಲಿಪ್ಪುಗಳು ಟಪ್ ಟಪ್ ಎಂದು ಮುರಿದಾಗಲೆಲ್ಲ ಇವರು ಒಳಗಿನಿಂದ "ಏನಾಗಿಲ್ಲ, ಏನಾಗಿಲ್ಲ" ಎಂದು ಕೂಗುತ್ತಿದ್ದರು. ಯಾರೂ ಕೇಳಿರಲಿಲ್ಲ.

ಡ್ಯಾಶ್‌ಬೋರ್ಡಿನ ಮುಖ ಕಳಚಿದ ಮೇಲೆ ಉಳಿದದ್ದು ಬರಿಯ ಅಸ್ಥಿಪಂಜರ. ವೈರುಗಳ ಗೋಜಲು, ಕಬ್ಬಿಣದ ಪಟ್ಟಿ, ಗಾಳಿ ಬರುವ ಅಗಲವಾದ ಪ್ಲಾಸ್ಟಿಕ್ ಕೊಳವೆಗಳು. ಕೊಳವೆಗಳೆಲ್ಲ ಬಾಯಿ ತೆರೆದುಕೊಂಡು ಹಾಗೇ ಇದ್ದವು. ಅವಕ್ಕೊಂದು ಬಟ್ಟೆ ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಂಜೆಯಾದರೆ ಸಭೆ. ಮೇಷ್ಟ್ರು ಒಬ್ಬರು, ಹಿಂದಿನ ಓಣಿಯ ಮೆಕ್ಕೆಜೋಳದ ದಲಾಲಿ ಒಬ್ಬರು. ಈ ಊರಿನಲ್ಲಿ ಮೂರು ಜನ ಗಂಡಸರು ಸೇರಿದರೆಂದರೆ ಮಂಡಕ್ಕಿ ಬರಲೇಬೇಕು. ದಲಾಲಿ ಬರುವಾಗ ಮೂಲೆಯ ಅಂಗಡಿಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡೇ ಬರುತ್ತಿದ್ದರು. ನಮ್ಮ ಮನೆಯಲ್ಲಿ ಜಗುಲಿ ಇದೆ, ಕುರ್ಚಿ ಇದೆ, ತಟ್ಟೆ ಇದೆ. ಅದೆಲ್ಲ ಬಿಟ್ಟು ಈ ಮೂವರೂ ಕಾರಿನೊಳಗೇ ತಿನ್ನಬೇಕು. ಮೇಷ್ಟ್ರು ಸ್ಟೇರಿಂಗಿನ ಮುಂದೆ ದೊರೆಯ ಹಾಗೆ ಕೂಡ್ರುವರು. ದಲಾಲಿ ಆ ಕಡೆಯ ಬಾಗಿಲಿಗೆ ಒರಗಿ ನಿಲ್ಲುವರು. ನಮ್ಮವರು ನಡುವೆ ಸಿಕ್ಕಿಕೊಂಡು ಬಗ್ಗಿರುವರು. ಪೇಪರು ಹಾಸಿ ಮಂಡಕ್ಕಿ ಸುರಿದಿದ್ದು ಎಲ್ಲಿ ಎಂದರೆ ಆ ಬರಿಯ ಡ್ಯಾಶ್‌ಬೋರ್ಡಿನ ಅಸ್ಥಿಪಂಜರದ ಮೇಲೆ. ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಈರುಳ್ಳಿ. ಕೆಲಸ ಇಷ್ಟು, ಬಾಯಿ ಅಷ್ಟು.

ಚಹಾ ಕೊಡಲು ಹೋದಾಗ ನಾನೇ ನೋಡಿದೆ. ಮೇಷ್ಟ್ರು ಒಂದು ಮುಷ್ಟಿ ಬಾಯಿಗೆ ಎಸೆದುಕೊಂಡರೆ ಅರ್ಧ ಕೊಳವೆಯೊಳಗೆ ಉದುರುತ್ತಿತ್ತು.

"ರ್ರೀ, ಅದರಾಗೆ ಮಂಡಕ್ಕಿ ಬೀಳಕತ್ತೈತಿ ನೋಡ್ರಿ," ಎಂದೆ.

ಇವರು ತಲೆಯೆತ್ತುವುದರೊಳಗೆ ಮೇಷ್ಟ್ರು ಕೈ ಬೀಸಿದರು. "ಮಂಡಕ್ಕಿ ಅಲ್ಲೇನಮ್ಮಾ, ಹಗುರ ಇರ್ತೈತಿ. ಗಾಳಿ ಬಿಟ್ರೆ ತಾನೇ ಹೋಗ್ತೈತಿ ಬಿಡು."

ಗಾಳಿ ಬಿಟ್ಟರೆ ಹೋಗುತ್ತದೆ, ನಿಜ. ಎತ್ತ ಹೋಗುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಯೋಚಿಸಲಿಲ್ಲ. ನಾನೂ ಚಹಾ ಲೋಟ ಇಟ್ಟು ಬಂದೆ. ಮೂವರಲ್ಲಿ ಒಬ್ಬರಿಗೂ ನನ್ನ ಮಾತು ಬೇಕಿಲ್ಲದಿದ್ದ ಮೇಲೆ ನನಗೇನು?

ಇಷ್ಟು ಹೇಳಿದ ಮೇಲೆ ಒಂದು ನಿಜವನ್ನೂ ಹೇಳಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಕೆಲಸ ಚೆನ್ನಾಗಿ ಆಯಿತು. ಪಟ್ಟಿಗೆ ಅಂಟು ಹಿಡಿಯಲು ಸ್ವಲ್ಪ ಬಿಸಿ ತಾಗಬೇಕಂತೆ. ಮಗಳು ಬಿಟ್ಟುಹೋದ, ಕೂದಲು ಒಣಗಿಸುವ ಯಂತ್ರದಿಂದ ಒಂದೊಂದು ಅಂಗುಲವನ್ನೂ ಬಿಸಿ ಮಾಡುತ್ತಾ, ಹೆಬ್ಬೆರಳಿನಿಂದ ಒತ್ತುತ್ತಾ ಹೋದರು. ವೆಂಟನ್ನು ಕೊಳವೆಯ ಬಾಯಿಗೆ ಇಟ್ಟು ತಿರುಗಿಸಿದರೆ ಒಳಗೆ ಕಟಕ್ ಎಂದು ಕೂಡ್ರಬೇಕು. ಕೂಡ್ರದಿದ್ದರೆ ಮತ್ತೆ ಬಿಚ್ಚಿ ಒಳಗಿನ ಸ್ಪಂಜಿನ ಬಳೆಯನ್ನು ಸರಿಮಾಡಿ ಮತ್ತೆ ಇಡುತ್ತಿದ್ದರು. ಪಟ್ಟಿಯ ಅಂಚು ತಗುಲಿ ಬೆರಳುಗಳೆಲ್ಲ ಸೀಳಿ, ಅಂಗಡಿಯಲ್ಲಿ ಥಾನು ಬಿಚ್ಚುವಾಗ ಬಿಳಿ ಬಟ್ಟೆಗೆ ರಕ್ತದ ಚುಕ್ಕೆ ತಾಗಿ ಅದಕ್ಕೂ ಭಾವನವರಿಂದ ಮಂಗಳಾರತಿ ಆಯಿತು.

ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಇವರು ಅಂಗಡಿಗೆ ಹೋಗಿದ್ದಾಗ, ನಾನು ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದೆ. ಎರಡು ಪಟ್ಟಿಗಳು ಸೇರುವ ಕಡೆ ಉಗುರು ಎಳೆದೆ, ಎಲ್ಲೂ ತಡೆಯಲಿಲ್ಲ. ವೆಂಟುಗಳನ್ನು ಮೇಲೆ ಕೆಳಗೆ ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿದವು. ಬಟ್ಟೆ ಅಳೆದು ಅಳೆದು ಆ ಕೈಗೆ ಅಂಚು ನೇರವಾಗಿ ಕೂಡಿಸುವುದು ಬಂದೇ ಇತ್ತು, ಯಾರೂ ಗಮನಿಸಿರಲಿಲ್ಲ ಅಷ್ಟೇ. ಬಾಗಿಲು ಮುಚ್ಚಿ ಒಳಗೆ ಬಂದೆ. ಇವರಿಗೆ ಹೇಳಲಿಲ್ಲ. ಹೇಳಿದರೆ ತಲೆಯ ಮೇಲೆ ಕೂಡ್ರುತ್ತಾರೆ, ಮುಂದಿನ ತಿಂಗಳು ನನ್ನ ಫ್ರಿಜ್ಜು ಬಿಚ್ಚುತ್ತಾರೆ.

ಬ್ಯಾಟರಿ ಜೋಡಿಸಿದರು, ಇಂಜಿನ್ನು ಶುರುಮಾಡಿ ನೋಡಿದರು. "ಎ.ಸಿ. ಹಾಕಿ ನೋಡ್ರಿ ಒಂದ್ಸಲ" ಎಂದೆ. ಕಿವಿ ಮುಚ್ಚಿಕೊಳ್ಳುವವರ ಹಾಗೆ ಮುಖ ಮಾಡಿದರು.

"ಛೇ, ಛೇ. ಹೊಸ ಫ್ಯಾನಿನ ಗಾಳಿ ಮೊದಲು ಅಣ್ಣನ ಕೈಯಿಂದ್ಲೇ ಬರ್ಬೇಕು."

ಫ್ಯಾನು ಹೊಸದಲ್ಲ, ವೆಂಟು ಮಾತ್ರ ಹೊಸದು ಎಂದು ಹೇಳಲು ಹೋಗಿ ಸುಮ್ಮನಾದೆ. ಮಿಕ್ಸಿ ನೆನಪಾಯಿತು. ಅದನ್ನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಭಾವನವರು ಬಂದರು. ಬಿಳಿ ಪಂಚೆ, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಅಂಗಿ, ಹಣೆಯ ತುಂಬಾ ಆಗತಾನೇ ಹಚ್ಚಿದ ಹಸಿ ವಿಭೂತಿ. ಮೇಷ್ಟ್ರು, ದಲಾಲಿ ಮೊದಲೇ ಬಂದು, ಕೆಲಸವೆಲ್ಲ ತಾವೇ ಮಾಡಿಸಿದವರ ಗತ್ತಿನಲ್ಲಿ ಕೈ ಕಟ್ಟಿ ನಿಂತಿದ್ದರು. ಗಾಲಿಗಳಡಿ ನಿಂಬೆಹಣ್ಣು ಇಟ್ಟಾಯಿತು. ಮುಂಭಾಗಕ್ಕೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಕಾಯಿ ಒಡೆದಾಯಿತು. ಆಮೇಲೆ ಶುರುವಾಗಿದ್ದು ನಿಜವಾದ ಕಸರತ್ತು: ಭಾವನವರನ್ನು ಒಳಗೆ ಕೂಡ್ರಿಸುವುದು. ಅವರ ಹೊಟ್ಟೆ ಒಂದು ಕಡೆ, ಕಾರಿನ ಬಾಗಿಲು ಒಂದು ಕಡೆ. ದಲಾಲಿ ತಲೆ ಬಗ್ಗಿಸಿ ಹಿಡಿದರು, ಮೇಷ್ಟ್ರು ಕಾಲು ಮಡಚಿ ಒಳಗೆ ಹಾಕಿದರು. ಮೂಟೆ ಏರಿಸಿದ ಹಾಗೆ ಏರಿಸಿ ಬಾಗಿಲು ಹಾಕಿದರು.

ಇವರು ಆ ಕಡೆಯಿಂದ ಹತ್ತಿ ಸ್ಟೇರಿಂಗಿನ ಮುಂದೆ ಕುಳಿತರು. ನಾನು ಆರತಿ ತಟ್ಟೆ ಹಿಡಿದು ಭಾವನವರ ಬಾಗಿಲ ಪಕ್ಕದಲ್ಲೇ ಇದ್ದೆ, ಗಾಜು ಇಳಿಸಿತ್ತು. ಇವರ ಮುಖ ನನಗೆ ಕಾಣುತ್ತಿತ್ತು. ಪರೀಕ್ಷೆಯ ಫಲಿತಾಂಶ ಹಚ್ಚುವ ದಿನ ಗೋಡೆಯ ಮುಂದೆ ನಿಂತಿರುವವರ ಮುಖ. ಭಾವನವರು ಡ್ಯಾಶ್‌ಬೋರ್ಡಿನ ಮೇಲೆ ಕಣ್ಣು ಹಾಯಿಸಲೂ ಇಲ್ಲ. "ಎಲ್ಲಿ ತಿರುವಬೇಕು? ಲಗೂ ಹೇಳು, ಉಸಿರು ಕಟ್ಟಾಕತ್ತೈತಿ," ಎಂದರು.

"ಇದು ಅಣ್ಣಾ, ಈ ಗುಂಡಿ. ಪೂರ್ತಿ ತಿರುವು."

ಭಾವನವರು ಪೂರ್ತಿ ತಿರುವಿದರು.

ಮೊದಲು ಒಳಗೆಲ್ಲೋ ಗರಗರ ಎಂದು ಸದ್ದಾಯಿತು. ಮರುಕ್ಷಣ ಎರಡು ಹೊಸ ವೆಂಟುಗಳಿಂದ ಮಂಡಕ್ಕಿ ನುಗ್ಗಿತು. ಅರಿಶಿನದ ಬಣ್ಣದ, ಎಣ್ಣೆ ಸವರಿದ, ಹಲವು ಸಂಜೆಗಳ ಮಂಡಕ್ಕಿ. ಅದರ ಹಿಂದೆ ಪುಟಾಣಿ ಹಿಟ್ಟು ಹೊಗೆಯ ಹಾಗೆ ಬಂತು. ಒಣಗಿದ ಕರಿಬೇವು, ಈರುಳ್ಳಿ ಚೂರು, ಎಲ್ಲ ಬಂತು. ಭಾವನವರ ಹಸಿ ವಿಭೂತಿಗೆ ಹಿಟ್ಟು ಹತ್ತಿತು, ಮೀಸೆಗೆ ಮಂಡಕ್ಕಿ ಹತ್ತಿತು, ಬಿಳಿ ಅಂಗಿಯ ತುಂಬಾ ಹಳದಿ ಚುಕ್ಕೆ. ಅವರು ಗುಂಡಿ ಆರಿಸಲು ಹೋಗಿ ಕೈ ಸ್ಟೇರಿಂಗಿಗೆ ತಾಗಿ ಹಾರ್ನ್ ಬೇರೆ ಕೂಗಿಕೊಂಡಿತು.

ಇವರು ಫ್ಯಾನು ಆರಿಸುವ ಹೊತ್ತಿಗೆ ಭಾವನವರು ಅರ್ಧ ಹೊರಗೆ ಬಂದಿದ್ದರು. ಏರುವಾಗ ಇಬ್ಬರು ಬೇಕಾದವರು ಇಳಿಯುವಾಗ ಒಬ್ಬರೇ ಇಳಿದರು. ಅಂಗಿ ಕೊಡವಿಕೊಳ್ಳುತ್ತಾ, ಓಣಿಗೆಲ್ಲ ಕೇಳುವ ಹಾಗೆ, "ಇದೇನೋ, ಕಾರೋ ಮಂಡಕ್ಕಿ ಭಟ್ಟಿಯೋ? ನಂಗೊತ್ತಿತ್ತು. ಇವನ ಕೈಗೆ ಕೊಟ್ಟಿದ್ದು ಯಾವತ್ತರ ನೆಟ್ಟಗಾಗೈತಾ?" ಎಂದರು.

ಓಣಿಯೇ ನಕ್ಕಿತು. ಎದುರು ಮನೆಯವರು ಈ ಸಲ ಸೆರಗು ಹಿಡಿಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ದಲಾಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಸಂಜೆ ಮಂಡಕ್ಕಿ ಕಟ್ಟಿಸಿಕೊಂಡು ತಂದ ಮಹಾನುಭಾವರು. ಮೇಷ್ಟ್ರು ತಲೆಯಾಡಿಸಿ, "ನಾನು ಅವಾಗ್ಲೇ ಅಂದೆ, ಗಾಳಿ ಬಿಟ್ರೆ ಹೋಗ್ತೈತಿ ಅಂತ," ಎಂದರು.

ಇವರು ಕಾರಿನಿಂದಿಳಿದು ಓಡಿಬಂದು ಅಣ್ಣನ ಅಂಗಿಯಿಂದ ಒಂದೊಂದೇ ಮಂಡಕ್ಕಿ ಆಯತೊಡಗಿದರು. ಆಯುತ್ತಾ ತಾವೂ ನಗುತ್ತಿದ್ದರು. ಅದೇ ಹಲ್ಲು. ಬೆರಳಿನ ತುಂಬಾ ಬ್ಯಾಂಡೇಜು ಪಟ್ಟಿ.

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಇವರನ್ನು ಹಂಗಿಸಿದವಳು ನಾನೇ, ಸಟ್ಟುಗಕ್ಕಾಗಿ ಬೈದವಳು ನಾನೇ. ಆದರೆ ನಾನು ಆ ಪಟ್ಟಿಯ ಮೇಲೆ ಉಗುರು ಎಳೆದು ನೋಡಿದ್ದೆ. ಉಳಿದವರ್ಯಾರೂ ಬಗ್ಗಿ ಕೂಡ ನೋಡಿರಲಿಲ್ಲ. ನೋಡದೆ ನಗುವವರ ಬಾಯಿಗೆ ನಮ್ಮ ಮನೆಯವರೇ ಯಾಕೆ ಬೇಕು?

"ಭಾವನೋರೆ," ಎಂದೆ. ತಮ್ಮನ ಹೆಂಡತಿಯಾದವಳು ಭಾವನವರ ಮುಂದೆ ದನಿ ಎತ್ತುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಎಲ್ಲರೂ ತಿರುಗಿದರು. "ವೆಂಟು ಕೂಡ್ಸಿದ್ದು ಇವರ ಕೈ, ಖರೆ. ಗಾಳಿ ಶುರು ಮಾಡಿದ್ದು ಯಾರ ಕೈರಿ?"

ಭಾವನವರ ಮೀಸೆಯ ಮೇಲೆ ಇನ್ನೂ ಎರಡು ಮಂಡಕ್ಕಿ ಉಳಿದಿದ್ದವು. ಅವರು ಅವನ್ನು ಒರೆಸಿಕೊಳ್ಳತೊಡಗಿದರು. ಉಳಿದವರ ನಗು ಅಲ್ಲಲ್ಲೇ ನಿಂತಿತು. ನಾನು ಆರತಿ ತಟ್ಟೆಯನ್ನು ಮೇಷ್ಟ್ರ ಕೈಗೆ ಕೊಟ್ಟು, ಸೀರೆ ಮೇಲೆತ್ತಿಕೊಂಡು, ಆ ದರಿದ್ರ ಕಾರಿನೊಳಗೆ ಇಳಿದು ಕುಳಿತೆ. ಯಾರೂ ತಲೆ ಹಿಡಿಯಬೇಕಾಗಲಿಲ್ಲ.

"ಏನ್ ನೋಡ್ತೀರಿ? ಬರ್ರಿ, ಹರಿಹರಕ್ಕೆ ನಡೀರಿ."

ಇವರು ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು. ನನ್ನದು ಹೆಚ್ಚು ಭಯಂಕರವಾಗಿ ಕಂಡಿರಬೇಕು, ಬಂದು ಕುಳಿತರು. ನಾಲ್ಕೂ ನಿಂಬೆಹಣ್ಣು ಪಚಕ್ಕೆಂದವು.

ಊರು ದಾಟುವವರೆಗೆ ಹಂಪು ಬಂದಾಗಲೆಲ್ಲ ಕಾರು ಹೊಟ್ಟೆ ಉಜ್ಜಿಕೊಂಡು ನರಳಿತು, ನನ್ನ ಸೊಂಟವೂ ನರಳಿತು. ಇದಕ್ಕಿಂತ ಬಸ್ಸು ಲೇಸು. ಹರಿಹರದ ರಸ್ತೆಗೆ ಬಿದ್ದ ಮೇಲೆ ಸೆಕೆಯಾಗಿ ನಾನೇ ಕೈ ಚಾಚಿ ಫ್ಯಾನು ತಿರುವಿದೆ. ಇವರು ಬೆಚ್ಚಿ ನನ್ನ ಕಡೆ ನೋಡಿದರು. ಒಂದಷ್ಟು ಮಂಡಕ್ಕಿ ಬಂದು ನನ್ನ ಮಡಿಲಿಗೆ ಬಿತ್ತು. ಆಮೇಲೆ ಇನ್ನೆರಡು. ಆಮೇಲೆ ಬರಿಯ ಗಾಳಿ, ತಣ್ಣಗೆ. ವೆಂಟನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿಕೊಂಡೆ. ಎಲ್ಲಿ ತಿರುಗಿಸಿದೆನೋ ಅಲ್ಲೇ ನಿಂತಿತು.

ಇವರು ರಸ್ತೆಯನ್ನೇ ನೋಡುತ್ತಿದ್ದರು. ಈಗ ನಗು ಇರಲಿಲ್ಲ. ಸ್ಟೇರಿಂಗು ಹಿಡಿದ ಬೆರಳಿನ ಒಂದು ಪಟ್ಟಿ ಬಿಚ್ಚಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಅಲ್ಲಿಯವರೆಗೂ ನನಗೆ ಹೇಳುವ ಮನಸ್ಸಿರಲಿಲ್ಲ, ದೇವರಾಣೆ. ಹರಿಹರ ಇನ್ನೇನು ಬಂತು ಎನ್ನುವಾಗ ಬಾಯಿಗೆ ಬಂದುಬಿಟ್ಟಿತು.

"ಗಾಳಿ ಚಲೋ ಬರ್ತೈತ್ರಿ. ಕೆಲಸ ಚಲೋ ಆಗೈತಿ. ಭೇಷ್."

ಇವರು ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೈ ಚಾಚಿ ಫ್ಯಾನನ್ನು ಪೂರ್ತಿ ಆರಿಸಿದರು. ಕಾರಿನೊಳಗೆ ಸದ್ದಡಗಿತು.

"ಗಾಳಿ ಸದ್ದಿಗೆ ಕೇಳ್ಸಲಿಲ್ಲ," ಎಂದರು. "ಏನಂದಿ?"

ಚೆನ್ನಾಗಿ ಕೇಳಿಸಿತ್ತು. ಕಿವಿ ಕೆಂಪಗಾಗಿದ್ದೇ ಹೇಳುತ್ತಿತ್ತು. ಗಾಳಿ ಚೆನ್ನಾಗಿ ಬರುತ್ತಿದೆ ಎಂಬ ಮಾತನ್ನು ಇನ್ನೊಮ್ಮೆ ಕೇಳುವುದಕ್ಕೆ ಗಾಳಿಯನ್ನೇ ನಿಲ್ಲಿಸಿದ ಇಂಥ ಗಂಡಸನ್ನು ಕಟ್ಟಿಕೊಂಡು ನಾನು ಇಷ್ಟು ವರ್ಷ ಬಾಳಿದ್ದೇನೆ.

ಇನ್ನೊಮ್ಮೆ ಹೇಳಿದೆ.